ಹಡಗಿನ ಹೆಸರು ಹೊತ್ತ ಕುರುಡು ಹಾವು

1887ರಲ್ಲಿ ಬ್ರಿಟಿಷ್ ನೌಕಾಪಡೆಯ 'ಫ್ಲೈಯಿಂಗ್ ಫಿಶ್' ಹಡಗು ಹಿಂದೂ ಮಹಾಸಾಗರದ ಕ್ರಿಸ್‌ಮಸ್ ದ್ವೀಪ ಮುಟ್ಟಿತು. ಜಾವಾದಿಂದ ದಕ್ಷಿಣಕ್ಕೆ ಸುಮಾರು 350 ಕಿಲೋಮೀಟರ್. ಬರೀ 135 ಚದರ ಕಿಲೋಮೀಟರ್ ಕಾಡು, ಆಗ ಅಲ್ಲಿ ಜನವಸತಿಯೇ ಇರಲಿಲ್ಲ. ಹಡಗಿನವರು ಹಿಡಿದು ತಂದ ಜೀವಿಗಳಲ್ಲಿ ಎರೆಹುಳುವಿನಂಥ ಒಂದು ಹಾವೂ ಇತ್ತು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ಜಾರ್ಜ್ ಬೌಲೆಂಜರ್ ಅದೇ ವರ್ಷ ಅದಕ್ಕೆ 'ಟಿಫ್ಲಾಪ್ಸ್ ಎಕ್ಸೊಸೀಟಿ' ಎಂದು ಹೆಸರಿಟ್ಟರು. ಎಕ್ಸೊಸೀಟಸ್ ಅಂದರೆ ಹಾರುವ ಮೀನು. ಮಣ್ಣೊಳಗೆ ಬದುಕುವ ಹಾವಿಗೆ ಈ ಹೆಸರು ಬಂದದ್ದು ಆ ಹಡಗಿನಿಂದ.

ಇಂಥ ಹಾವು ನಮಗೂ ಹೊಸದಲ್ಲ. ಮಳೆಗಾಲದಲ್ಲಿ ಬಚ್ಚಲಲ್ಲಿ, ಹೂಕುಂಡದ ಅಡಿಯಲ್ಲಿ ಸರಕ್ಕನೆ ಜಾರುವ ಕಪ್ಪು ಹುಳದಂಥ ಹಾವನ್ನು ನೋಡಿರ್ತೀರಿ, ಅಲ್ವಾ? ದ್ವೀಪದ ಹಾವು ಅದರ ದೂರದ ನೆಂಟ. ಎರಡೂ ಟಿಫ್ಲಾಪಿಡೇ ಕುಟುಂಬದವು. ಕಣ್ಣಿನ ಮೇಲೆ ಹುರುಪೆ ಮುಚ್ಚಿರುತ್ತದೆ, ಬೆಳಕು ಕತ್ತಲೆ ತಿಳಿದರೆ ಹೆಚ್ಚು. ಬೇರೆ ಹಾವುಗಳ ಹೊಟ್ಟೆಯಲ್ಲಿ ಅಗಲದ ಹುರುಪೆ ಇದ್ದರೆ, ಇವಕ್ಕೆ ಮೇಲೂ ಕೆಳಗೂ ಒಂದೇ ತರಹದ ನುಣುಪು ಹುರುಪೆ. ಹಲ್ಲು ಮೇಲ್ದವಡೆಯಲ್ಲಿ ಮಾತ್ರ. ಆ ದವಡೆಯನ್ನು ಸರಸರ ಆಡಿಸಿ ಇರುವೆ, ಗೆದ್ದಲುಗಳ ಮರಿಗಳನ್ನು ಒಳಗೆ ಎಳೆದುಕೊಳ್ಳುತ್ತವೆ. ವಿಷ ಇಲ್ಲ. ಸುಮ್ನೆ ಹೆದರಿ ಕೊಲ್ಲಬೇಡಿ.

ಹೊರಗಿನಿಂದ ಎಲ್ಲವೂ ಒಂದೇ ಥರ ಕಾಣುವುದೇ ವರ್ಗೀಕರಣಕ್ಕೆ ತೊಡಕಾಯಿತು. ಬಹಳ ಕಾಲ ಜಗತ್ತಿನ ಕುರುಡು ಹಾವುಗಳನ್ನೆಲ್ಲ ಟಿಫ್ಲಾಪ್ಸ್ ಎಂಬ ಒಂದೇ ಚೀಲಕ್ಕೆ ತುಂಬುತ್ತಿದ್ದರು. 1966ರಲ್ಲಿ ನ್ಯೂಜಿಲೆಂಡಿನ ಜೋನ್ ರಾಬ್ ಗಂಡು ಹಾವುಗಳ ಜನನಾಂಗದ ರಚನೆ ನೋಡಿ, ಆಸ್ಟ್ರೇಲಿಯಾ ಕಡೆಯವು ಬೇರೆಯೇ ಎಂದು ತೋರಿಸಿದರು. ಅವುಗಳಿಗೆ ರಾಂಫೊಟಿಫ್ಲಾಪ್ಸ್ ಎಂಬ ಹಳೆಯ ಹೆಸರು ಮತ್ತೆ ಬಳಕೆಗೆ ಬಂತು. ಎಕ್ಸೊಸೀಟಿಯೂ ಅದರೊಳಗೆ ಸೇರಿತು, ನಮ್ಮ ಹೂಕುಂಡದ ಹಾವೂ ಸೇರಿತು. 2014ರಲ್ಲಿ ಡಿಎನ್‌ಎ ಮತ್ತು ದೇಹರಚನೆ ಎರಡನ್ನೂ ನೋಡಿ ಮತ್ತೆ ವಿಂಗಡಿಸಿದಾಗ ನಮ್ಮದು ಇಂಡೊಟಿಫ್ಲಾಪ್ಸ್ ಬ್ರಾಮಿನಸ್ ಆಯಿತು. ಆಸ್ಟ್ರೇಲಿಯಾ ನೆಲದ ಹೆಚ್ಚಿನವು ಅನಿಲಿಯೊಸ್ ಆದವು. ಎಕ್ಸೊಸೀಟಿ ರಾಂಫೊಟಿಫ್ಲಾಪ್ಸ್ ಆಗಿಯೇ ಉಳಿಯಿತು.

ಹಾವು ಮಾತ್ರ ಅಪರೂಪವಾಗುತ್ತಲೇ ಹೋಯಿತು. 1888ರಲ್ಲಿ ಜನ ಬಂದು ನೆಲೆಸಿದರು. ಆಮೇಲೆ ಫಾಸ್ಫೇಟ್ ಗಣಿಗಾರಿಕೆ ಶುರುವಾಗಿ ಕಾಡಿನ ಒಂದು ಪಾಲು ಹೋಯಿತು. ಇಲಿ, ಬೆಕ್ಕು, 'ಹುಚ್ಚು ಇರುವೆ' ಎಂದು ಕರೆಯುವ ಹಳದಿ ಇರುವೆ, ದೊಡ್ಡ ಜರಿ, 1980ರ ದಶಕದಲ್ಲಿ ಏಷ್ಯಾದ ತೋಳಹಾವು, ಎಲ್ಲವೂ ಸರಕಿನ ಜೊತೆ, ಜನರ ಜೊತೆ ಬಂದವು. ನಮ್ಮ ಹೂಕುಂಡದ ಹಾವೂ ಅಲ್ಲಿಗೆ ತಲುಪಿದೆ. ಅದರಲ್ಲಿ ಬರೀ ಹೆಣ್ಣುಗಳೇ. ಗಂಡಿಲ್ಲದೆ ಮೊಟ್ಟೆಯಿಡುವುದರಿಂದ, ಮಣ್ಣಿನ ಜೊತೆ ಒಂದೇ ಒಂದು ಹೋದರೂ ಸಂತತಿ ಬೆಳೆಯುತ್ತದೆ. ಮೂಲನಿವಾಸಿಗೆ ಆ ಅನುಕೂಲ ಇಲ್ಲ.

1986ರ ನಂತರ ಎಕ್ಸೊಸೀಟಿ ಮತ್ತೆ ಕಾಣಿಸಿದ್ದು 2009ರಲ್ಲಿ. ಅದೇ ಹೊತ್ತಿಗೆ ದ್ವೀಪದ ಲಿಸ್ಟರ್ ಗೆಕ್ಕೊ ಹಲ್ಲಿಯನ್ನೂ ನೀಲಿಬಾಲದ ಅರಣೆಯನ್ನೂ ಹಿಡಿದು ಸಾಕಿ ಮರಿ ಮಾಡಿಸಲು ಶುರುಮಾಡಿದರು. ಕಾಡಿನಲ್ಲಿ ಅವು ಅಳಿದರೂ ವಂಶ ಉಳಿದದ್ದು ಹಾಗೆ. ರಾತ್ರಿ ಟಾರ್ಚ್ ಹಿಡಿದರೆ ಹಲ್ಲಿ ಸಿಗುತ್ತದೆ. ಈ ಹಾವನ್ನು ಹುಡುಕಬೇಕಾದದ್ದು ಕೊಳೆತ ಮರದ ಅಡಿಯಲ್ಲಿ, ಮಣ್ಣಿನೊಳಗೆ.