ಕ್ಲಿಪ್ ಹಾಕಿದರೆ ಕರುಳಿನ ಫಿಸ್ಟುಲಾ ಮುಚ್ಚುತ್ತದೆಯೇ?

ಪ್ರಶ್ನೆ: ಹೊಟ್ಟೆಯ ಆಪರೇಷನ್ ಆದಾಗಿನಿಂದ ನಮ್ಮ ತಂದೆಯವರಿಗೆ ದೊಡ್ಡ ಕರುಳಿನಿಂದ ಚರ್ಮದವರೆಗೆ ದಾರಿಯಾಗಿ ಎಂಟು ತಿಂಗಳಿಂದ ಸೋರುತ್ತಿದೆ. ದುರ್ಬೀನು (ಎಂಡೋಸ್ಕೋಪ್) ಹಾಕಿ ಕ್ಲಿಪ್ ಹಚ್ಚಿದರೆ ಮತ್ತೆ ಹೊಟ್ಟೆ ಕೊಯ್ಯುವುದು ತಪ್ಪುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ಕೆಲವರಿಗೆ ತಪ್ಪುತ್ತದೆ. ಆದರೆ ಎಂಟು ತಿಂಗಳ ಹಳೆಯ ಫಿಸ್ಟುಲಾಕ್ಕೆ, ಅಂದರೆ ಕರುಳಿನಿಂದ ಹೊರಗೆ ಹೀಗೆ ಉಂಟಾದ ದಾರಿಗೆ, ಬರೀ ಕ್ಲಿಪ್ ಸಾಕಾಗುವ ಸಂಭವ ಕಡಿಮೆ. ಅಥಣಿ, ಗೋಕಾಕ, ಸವದತ್ತಿ ಕಡೆಗಳಿಂದ ಬೆಳಗಾವಿಗೆ ಬರುವ ಕುಟುಂಬಗಳಿಗೆ ಈ ಮಾತನ್ನು ಎಷ್ಟು ಸಲ ಹೇಳಿದರೂ ‘ತೂತು ಎಂದರೆ ತೂತು, ಕ್ಲಿಪ್ ಬಿಗಿದರೆ ಮುಚ್ಚಲೇಬೇಕು’ ಎಂಬ ನಂಬಿಕೆ ಸಡಿಲವಾಗುವುದಿಲ್ಲ. ಆದ್ದರಿಂದ ಇಲ್ಲಿ ವಿವರವಾಗಿಯೇ ಬರೆಯುತ್ತೇನೆ.

ಕ್ಲಿಪ್ ಮಾಡುವುದು ಒಂದೇ ಕೆಲಸ: ಅಂಚುಗಳನ್ನು ಹತ್ತಿರ ತಂದು ಹಿಡಿದಿಡುವುದು. ಬೆಸೆದುಕೊಳ್ಳಬೇಕಾದದ್ದು ದೇಹವೇ. ಈಗಷ್ಟೇ ಆದ ರಂಧ್ರದ ಅಂಚು ಮೃದುವಾಗಿಯೂ ರಕ್ತಸಂಚಾರವುಳ್ಳದ್ದಾಗಿಯೂ ಇರುವುದರಿಂದ ಹತ್ತಿರ ತಂದರೆ ಕೂಡಿಕೊಳ್ಳುತ್ತದೆ. ಹಳೆಯ ಫಿಸ್ಟುಲಾ ಹಾಗಲ್ಲ. ಅದರ ಒಳಗೋಡೆಗೆ ತನ್ನದೇ ಪೊರೆ ಬೆಳೆದಿರುತ್ತದೆ, ಸುತ್ತಲಿನ ಮಾಂಸ ಗಡುಸಾಗಿರುತ್ತದೆ. ವರ್ಷಗಳ ಹಿಂದೆ ಚುಚ್ಚಿಸಿದ ಕಿವಿಯ ತೂತನ್ನು ಬೆರಳಿನಿಂದ ಎಷ್ಟು ಹೊತ್ತು ಒತ್ತಿ ಹಿಡಿದರೂ ಅದು ಕೂಡಿಕೊಳ್ಳದಿರುವುದಕ್ಕೂ ಇದೇ ಕಾರಣ. ಹೀಗಾಗಿಯೇ ವೈದ್ಯರು ಕ್ಲಿಪ್ ಹಾಕುವ ಮೊದಲು ಆ ಪೊರೆಯನ್ನು ಬ್ರಷ್‌ನಿಂದ ಕೆರೆಯುತ್ತಾರೆ ಅಥವಾ ಆರ್ಗಾನ್ ಅನಿಲದ ಉಪಕರಣದಿಂದ ಸುಡುತ್ತಾರೆ. ಅಷ್ಟಾದರೂ ಖಾತರಿಯಿಲ್ಲ: 2014ರಲ್ಲಿ ಪ್ರಕಟವಾದ, 188 ರೋಗಿಗಳ ಅಂತರರಾಷ್ಟ್ರೀಯ ಅಧ್ಯಯನವೊಂದರಲ್ಲಿ ದೀರ್ಘಕಾಲದ ಯಶಸ್ಸು ರಂಧ್ರಗಳಲ್ಲಿ ಶೇ. 90, ಹೊಲಿಗೆಯ ಸೋರಿಕೆಗಳಲ್ಲಿ ಸುಮಾರು ಶೇ. 73 ಇದ್ದರೆ, ಫಿಸ್ಟುಲಾಗಳಲ್ಲಿ ಸುಮಾರು ಶೇ. 43 ಮಾತ್ರ ಇತ್ತು.

ಈ ಅಂಕಿಗಳು ಸಾಮಾನ್ಯ ಕ್ಲಿಪ್‌ನವಲ್ಲ ಎಂಬುದನ್ನೂ ಗಮನಿಸಬೇಕು. ರಕ್ತಸ್ರಾವ ನಿಲ್ಲಿಸಲು ಎಂಡೋಸ್ಕೋಪ್‌ನ ನಾಳದೊಳಗಿಂದ ತೂರಿಸುವ ಸಣ್ಣ ಕ್ಲಿಪ್ ಮೇಲಿನ ಪದರವನ್ನಷ್ಟೇ ಕಚ್ಚುತ್ತದೆ, ಕೆಲವು ವಾರಗಳಲ್ಲಿ ಸಾಮಾನ್ಯವಾಗಿ ತಾನೇ ಉದುರಿ ಹೋಗುತ್ತದೆ. ಫಿಸ್ಟುಲಾಕ್ಕೆ ಬಳಸುವುದು ಎಂಡೋಸ್ಕೋಪ್‌ನ ತುದಿಗೆ ಕೂರಿಸುವ ಪಾರದರ್ಶಕ ಟೊಪ್ಪಿಗೆಯ ಮೇಲಿರುವ, ಹಲ್ಲುಗಳುಳ್ಳ ದೊಡ್ಡ ಕ್ಲಿಪ್. ಅದು ನಿಕಲ್ ಮತ್ತು ಟೈಟಾನಿಯಂ ಸೇರಿದ ನಿಟಿನಾಲ್ ಲೋಹದ್ದು. ತೂತಿನ ಸುತ್ತಲಿನ ಭಾಗವನ್ನು ಟೊಪ್ಪಿಗೆಯೊಳಕ್ಕೆ ಎಳೆದುಕೊಂಡು ಕ್ಲಿಪ್ಪನ್ನು ಜಾರಿಸಿದೊಡನೆ, ಹಿಗ್ಗಿಸಿಟ್ಟಿದ್ದ ಲೋಹ ತನ್ನ ಮೂಲ ಆಕಾರಕ್ಕೆ ಮರಳಿ ಗೋಡೆಯ ಎಲ್ಲ ಪದರಗಳನ್ನೂ ಸೇರಿಸಿ ಹಿಡಿಯುತ್ತದೆ. ಇಷ್ಟು ಬಲವಾದ ಹಿಡಿತವೂ ಗಡುಸಾದ ಅಂಚಿನಿಂದ ಜಾರುವುದುಂಟು.

ತಂದೆಯವರ ವೈದ್ಯರನ್ನು ‘ಕ್ಲಿಪ್ ಹಾಕುತ್ತೀರಾ’ ಎಂದು ಕೇಳುವ ಮೊದಲು ‘ಇದು ಇನ್ನೂ ಏಕೆ ಮುಚ್ಚಿಲ್ಲ’ ಎಂದು ಕೇಳಿ. ಫಿಸ್ಟುಲಾದಿಂದ ಮುಂದಿನ ಕರುಳು ಕಟ್ಟಿದ್ದರೆ, ಒಳಗೆ ಕೀವು ನಿಂತಿದ್ದರೆ, ಆಪರೇಷನ್ನಿನಲ್ಲಿ ಹಾಕಿದ ಜಾಲರಿಯೋ ಹಳೆಯ ಹೊಲಿಗೆಯ ದಾರವೋ ಉಳಿದಿದ್ದರೆ, ಕ್ಷಯ, ಕ್ರೋನ್ಸ್ (ಕರುಳಿನ ದೀರ್ಘಕಾಲದ ಉರಿಯೂತದ ಕಾಯಿಲೆ) ಅಥವಾ ಕ್ಯಾನ್ಸರ್ ಇದ್ದರೆ ಯಾವ ಕ್ಲಿಪ್ಪೂ ನಿಲ್ಲುವುದಿಲ್ಲ. ಪೌಷ್ಟಿಕತೆ ಕುಸಿದಿದ್ದರೂ ಗಾಯ ಕೂಡುವುದು ಕಷ್ಟ.

ಯಾರೂ ಕೇಳದ, ಆದರೆ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಮುಂದೆ ಎಂಆರ್‌ಐ ಮಾಡಿಸಬಹುದೇ? ನಿಟಿನಾಲ್ ಕ್ಲಿಪ್ ಇದ್ದವರಿಗೆ ತಯಾರಕರು ಹೇಳಿದ ಷರತ್ತುಗಳೊಳಗೆ ಮಾಡಬಹುದು, ಆದರೆ ಕೆಲವು ಹಳೆಯ ಮಾದರಿಯ ಸಣ್ಣ ಕ್ಲಿಪ್‌ಗಳಿದ್ದಾಗ ಮಾಡುವಂತಿಲ್ಲ. ಆದ್ದರಿಂದ ಡಿಸ್ಚಾರ್ಜ್ ಚೀಟಿಯಲ್ಲಿ ಕ್ಲಿಪ್‌ನ ಹೆಸರು, ಹಾಕಿದ ಜಾಗ ಮತ್ತು ದಿನಾಂಕವನ್ನು ಬರೆಸಿಕೊಂಡು, ಸ್ಕ್ಯಾನ್‌ಗೆ ಹೋದಾಗಲೆಲ್ಲ ತೋರಿಸಿ.