‘ದಿ ವಾಲ್’ ಚಿತ್ರದ ಪಿಂಕ್ ನಿಜಕ್ಕೂ ಯಾರು?

ಪ್ರಶ್ನೆ: ಬ್ರಿಟನ್ನಿನ ರಾಕ್ ಸಂಗೀತ ತಂಡ ಪಿಂಕ್ ಫ್ಲಾಯ್ಡ್‌ನ ಹಾಡುಗಳಿಂದ ರೂಪುಗೊಂಡ ‘ಪಿಂಕ್ ಫ್ಲಾಯ್ಡ್: ದಿ ವಾಲ್’ ಚಿತ್ರದ ನಾಯಕ, ರಾಕ್ ಗಾಯಕ ಪಿಂಕ್, ಆ ತಂಡದಿಂದ ದೂರವಾದ ಸಿಡ್ ಬ್ಯಾರೆಟ್ ಎಂದು ಕೆಲವರು, ತಂಡದ ಗಾಯಕ ಮತ್ತು ಬಾಸ್ ಗಿಟಾರ್ ವಾದಕ ರೋಜರ್ ವಾಟರ್ಸ್ ಅವರೇ ಎಂದು ಇನ್ನು ಕೆಲವರು ಹೇಳುತ್ತಾರೆ. ಯಾವುದು ಸರಿ?

ಪಿಂಕ್‌ನ ಬಾಲ್ಯ ವಾಟರ್ಸ್ ಅವರದು, ಅವನ ಕುಸಿತದ ಚಹರೆಯಲ್ಲಿ ಬಹುಪಾಲು ಬ್ಯಾರೆಟ್ ಅವರದು. ಆದರೆ ಚಿತ್ರದ ತಿರುಳಾದ, ತನಗೂ ಜಗತ್ತಿಗೂ ನಡುವೆ ಪಿಂಕ್ ಎಬ್ಬಿಸಿಕೊಳ್ಳುವ ಒಂಟಿತನದ ಆ ಗೋಡೆಯನ್ನು (ಹೆಸರಿನ ‘ವಾಲ್’ ಅದೇ) ಬ್ಯಾರೆಟ್ ಅವರ ತಲೆಗೆ ಕಟ್ಟುವುದು ತಪ್ಪು ಎಂದು ನಾನು ನಂಬಿದ್ದೇನೆ.

ತಂಡದ 1979ರ ‘ದಿ ವಾಲ್’ ಆಲ್ಬಮ್ ಆಧರಿಸಿ ಅಲನ್ ಪಾರ್ಕರ್ 1982ರಲ್ಲಿ ನಿರ್ದೇಶಿಸಿದ ಈ ಚಿತ್ರಕ್ಕೆ ಚಿತ್ರಕಥೆ ಬರೆದವರು ವಾಟರ್ಸ್. ಮಾತು ತೀರಾ ಕಡಿಮೆ. ಹಾಡುಗಳು, ಜೆರಾಲ್ಡ್ ಸ್ಕಾರ್ಫ್ ಅವರ ಅನಿಮೇಷನ್ ಮತ್ತು ಪಿಂಕ್ ಆಗಿ ನಟಿಸಿದ ಗಾಯಕ ಬಾಬ್ ಗೆಲ್ಡಾಫ್ ಅವರ ಶೂನ್ಯ ನೋಟವೇ ಕಥೆಯನ್ನು ನಡೆಸುತ್ತವೆ.

ವಾಟರ್ಸ್ ಐದು ತಿಂಗಳ ಕೂಸಾಗಿದ್ದಾಗ, 1944ರ ಫೆಬ್ರುವರಿಯಲ್ಲಿ, ಅವರ ತಂದೆ ಎರಿಕ್ ಫ್ಲೆಚರ್ ವಾಟರ್ಸ್ ಇಟಲಿಯ ಅಂಜಿಯೊ ಯುದ್ಧರಂಗದಲ್ಲಿ ಮಡಿದರು. ಚಿತ್ರದಲ್ಲಿ ಆಟದ ಬಯಲಿಗೆ ಬಂದ ಬಾಲಕ ಪಿಂಕ್, ಬೇರೆ ಮಕ್ಕಳ ಜೊತೆ ಅವರವರ ಅಪ್ಪಂದಿರು ಇರುವುದನ್ನು ಕಂಡು ಯಾರದೋ ಅಪ್ಪನ ಕೈ ಹಿಡಿಯುತ್ತಾನೆ; ಆತ ಕೊಸರಿಕೊಳ್ಳುತ್ತಾನೆ. ಮುಂದೆ ಮನೆಯಲ್ಲಿ ತಂದೆಯ ಸಮವಸ್ತ್ರ ಸಿಕ್ಕಾಗ ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಲ್ಲುತ್ತಾನೆ. ಇದೇ ಹುಡುಗ ಬೆಳೆದು, ಮನಸ್ಸು ಪೂರ್ತಿ ಕದಡಿದ ಹೊತ್ತಿನಲ್ಲಿ, ತನ್ನ ಸಂಗೀತ ಕಛೇರಿಯನ್ನೇ ಸರ್ವಾಧಿಕಾರಿಯ ಸಭೆಯೆಂದು ಕಲ್ಪಿಸಿಕೊಂಡು ಇನ್ನೊಂದು ಸಮವಸ್ತ್ರ ತೊಡುತ್ತಾನೆ. ಅಪ್ಪ ಯಾವ ಫ್ಯಾಸಿಸಂ ವಿರುದ್ಧ ಹೋರಾಡಿ ಸತ್ತನೋ ಅದರದೇ ಸಮವಸ್ತ್ರ. ನನ್ನ ಮಟ್ಟಿಗೆ ಇಡೀ ಚಿತ್ರದ ಅತ್ಯಂತ ನೋವಿನ ಹೆಣಿಗೆ ಇದು.

ಬ್ಯಾರೆಟ್ ಕಾಣಿಸುವುದು ಹೋಟೆಲ್ ಕೋಣೆಯಲ್ಲಿ. ಟಿವಿಯ ಮುಂದೆ ಗಂಟೆಗಟ್ಟಲೆ ಮಿಸುಕದೆ ಕೂರುವ ಪಿಂಕ್, ಒಂದು ಹಂತದಲ್ಲಿ ಬ್ಲೇಡು ಹಿಡಿದು ತನ್ನ ಹುಬ್ಬುಗಳನ್ನೇ ಬೋಳಿಸಿಕೊಳ್ಳುತ್ತಾನೆ. ತಂಡದ ಮೊದಲ ದಿನಗಳ ಗಾಯಕ, ಗಿಟಾರ್ ವಾದಕ ಮತ್ತು ಮುಖ್ಯ ಗೀತರಚನಕಾರರಾಗಿದ್ದ ಬ್ಯಾರೆಟ್, ಮಾನಸಿಕ ಸ್ಥಿತಿ ಹದಗೆಟ್ಟು, ಎಲ್‌ಎಸ್‌ಡಿ ಎಂಬ ಮಾದಕ ವಸ್ತುವಿನ ಸೇವನೆಯೂ ಅದಕ್ಕೆ ಸೇರಿ, 1968ರಲ್ಲಿ ತಂಡದಿಂದ ಹೊರಬಂದಿದ್ದರು. 1975ರ ಜೂನ್‌ನಲ್ಲಿ ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೊದಲ್ಲಿ ಧ್ವನಿಮುದ್ರಣ ನಡೆದಿದ್ದಾಗ, ಮೈ ದಪ್ಪಗಾಗಿ, ತಲೆಯನ್ನೂ ಹುಬ್ಬನ್ನೂ ಬೋಳಿಸಿಕೊಂಡಿದ್ದ ಒಬ್ಬ ವ್ಯಕ್ತಿ ಹೇಳದೆ ಕೇಳದೆ ಒಳಗೆ ಬಂದರು. ಬ್ಯಾರೆಟ್ ಎಂದು ಹಳೆಯ ಗೆಳೆಯರಿಗೆ ಮೊದಲು ಗುರುತೇ ಹತ್ತಲಿಲ್ಲ.

ಹಾಗಾದರೆ ಗೋಡೆ? ಅದರ ಮೊದಲ ಇಟ್ಟಿಗೆ ಬಿದ್ದದ್ದು 1977ರ ಜುಲೈ 6ರಂದು, ಮಾಂಟ್ರಿಯಲ್‌ನ ಒಲಿಂಪಿಕ್ ಕ್ರೀಡಾಂಗಣದಲ್ಲಿ. ಗದ್ದಲವೆಬ್ಬಿಸುತ್ತ ಮುಂದೆ ನುಗ್ಗುತ್ತಿದ್ದ ಅಭಿಮಾನಿಯೊಬ್ಬನ ಮೇಲೆ ವಾಟರ್ಸ್ ಉಗಿದರು. ತಾನು ಹೀಗೆ ಮಾಡಿದೆನಲ್ಲ ಎಂಬ ಹೇಸಿಗೆಯಿಂದಲೇ, ತನಗೂ ಪ್ರೇಕ್ಷಕರಿಗೂ ನಡುವೆ ಗೋಡೆಯೊಂದನ್ನು ಕಟ್ಟುವ ಕಲ್ಪನೆ ಅವರಲ್ಲಿ ಹುಟ್ಟಿತು. 1980–81ರ ಪ್ರದರ್ಶನಗಳಲ್ಲಿ ಅದನ್ನು ಅಕ್ಷರಶಃ ಮಾಡಿಯೂ ತೋರಿಸಿದರು: ತಂಡ ನುಡಿಸುತ್ತಿದ್ದಂತೆಯೇ ಕೆಲಸಗಾರರು ರಟ್ಟಿನ ಇಟ್ಟಿಗೆಗಳನ್ನು ಪೇರಿಸುತ್ತ ಹೋಗಿ, ಸುಮಾರು 40 ಅಡಿ ಎತ್ತರದ ಗೋಡೆಯ ಹಿಂದೆ ವಾದಕರು ಮರೆಯಾಗುತ್ತಿದ್ದರು. ಪಿಂಕ್‌ನ ಒಂಟಿತನಕ್ಕೆ ತಾಯಿಯ ಮಿತಿಮೀರಿದ ಕಾಳಜಿ, ಶಾಲೆಯ ಕ್ರೌರ್ಯ, ಮುರಿದ ದಾಂಪತ್ಯ ಎಲ್ಲವೂ ಇಟ್ಟಿಗೆಯಾಗುತ್ತವೆ, ನಿಜ. ಆದರೆ ಅವುಗಳನ್ನು ಒಂದರ ಮೇಲೊಂದು ಜೋಡಿಸಿದ ಕೈ ಅವನದೇ ಎಂದು ಚಿತ್ರ ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತದೆ. ಇದು ವಾಟರ್ಸ್ ತಮ್ಮ ಮೇಲೆ ತಾವೇ ಹೊರಿಸಿಕೊಂಡ ಆರೋಪ.

ಬ್ಯಾರೆಟ್ ಅವರ ಕಾಯಿಲೆಯನ್ನು ಈ ಆರೋಪಪಟ್ಟಿಗೆ ಸೇರಿಸಲಾಗದು. ಕಾಯಿಲೆ ಬಿದ್ದವರು ಗೋಡೆ ಕಟ್ಟಿಕೊಂಡವರಲ್ಲ. ಚಿತ್ರದ ಕೊನೆಯಲ್ಲಿ ಪಿಂಕ್‌ನ ತಲೆಯೊಳಗೇ ನ್ಯಾಯಾಲಯ ಕೂತು, ಗೋಡೆ ಕೆಡವಿರೆಂದು ತೀರ್ಪು ಕೊಡುತ್ತದೆ. ಬ್ಯಾರೆಟ್ ಅವರಾದರೋ ಹುಟ್ಟೂರು ಕೇಂಬ್ರಿಜ್‌ಗೆ ಮರಳಿ, ಚಿತ್ರ ಬಿಡಿಸುತ್ತ, ತೋಟದ ಕೆಲಸ ಮಾಡಿಕೊಳ್ಳುತ್ತ, 2006ರಲ್ಲಿ ತೀರಿಕೊಳ್ಳುವವರೆಗೂ ಪ್ರಚಾರದಿಂದ ದೂರವೇ ಉಳಿದರು.