60ನೇ ಮನೆಗೆ ಎರಡು ಹೆಸರು: ‘ಮಿಡಿ’ ಜಗಳ ಮತ್ತು ರಾಜಿ

ದಾವಣಗೆರೆ ಎರಡು ಸಂಗೀತದ ನಡುವೆ ಕೂತ ಊರು. ಗಣೇಶನ ಪೆಂಡಾಲಿನ ರಸಮಂಜರಿಯಲ್ಲಿ ಒಬ್ಬ ಗಾಯಕರು ಬಂದು ಶ್ರುತಿಗೆ ‘ಕಪ್ಪು ಎರಡು ಕೊಡಿ’ ಅನ್ನುತ್ತಾರೆ. ಇನ್ನೊಬ್ಬರು ‘ಎರಡೂವರೆ ಮನೆ’ ಅನ್ನುತ್ತಾರೆ. ಮೊದಲನೆಯವರು ಹಿಂದೂಸ್ತಾನಿ ಕಲಿತವರು, ಎರಡನೆಯವರು ಕರ್ನಾಟಕ ಸಂಗೀತ ಕಲಿತವರು. ಕೀಬೋರ್ಡಿನವರ ಬೆರಳು ಮಾತ್ರ ಎರಡಕ್ಕೂ ಒಂದೇ ಮನೆ ಮೇಲೆ ಹೋಗುತ್ತದೆ.

ಅದೇ ಕೀಬೋರ್ಡಿನೊಳಗೂ ಇಂಥದೇ ಒಂದು ತಕರಾರು ನಲವತ್ತು ವರ್ಷದಿಂದ ಬಗೆಹರಿಯದೆ ಕೂತಿದೆ. ಮಧ್ಯದ ಸಿ ಸ್ವರವನ್ನು ಕೀಬೋರ್ಡ್ ಮಾಡುವ ಯಮಹಾ ಕಂಪನಿ ‘ಸಿ3’ ಅಂತ ಕರೆಯುತ್ತದೆ, ರೋಲ್ಯಾಂಡ್ ಕಂಪನಿ ‘ಸಿ4’ ಅಂತ ಕರೆಯುತ್ತದೆ. ಆದರೂ ಎರಡನ್ನೂ ವೈರಿನಿಂದ ಜೋಡಿಸಿದರೆ ಸ್ವರ ತಪ್ಪುವುದಿಲ್ಲ. ವೈರಿನಲ್ಲಿ ಹೋಗುವುದು ಹೆಸರಲ್ಲ, 60 ಅನ್ನುವ ನಂಬರು. ನಂಬರಿಗೆ ಎಲ್ಲರೂ ಒಪ್ಪಿದರು. ಹೆಸರನ್ನು ನಿಯಮದಲ್ಲಿ ಬರೆಯುವ ಗೋಜಿಗೇ ಹೋಗಲಿಲ್ಲ. ನನ್ನ ಪ್ರಕಾರ ‘ಮಿಡಿ’ ಮಾನದಂಡ ಇಷ್ಟು ವರ್ಷ ಬಾಳಿದ ಗುಟ್ಟು ಅದೇ.

ಮಿಡಿ ಅಂದರೆ ಉಪ್ಪಿನಕಾಯಿಯ ಮಿಡಿಯಲ್ಲ. ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ ಡಿಜಿಟಲ್ ಇಂಟರ್‌ಫೇಸ್ ಅನ್ನುವ ಉದ್ದ ಹೆಸರಿನ ಗಿಡ್ಡ ರೂಪ. ಈ ವೈರಿನಲ್ಲಿ ಸದ್ದು ಹರಿಯುವುದಿಲ್ಲ. ಯಾವ ಮನೆ ಒತ್ತಿದರು, ಎಷ್ಟು ಜೋರಾಗಿ ಒತ್ತಿದರು, ಯಾವಾಗ ಬಿಟ್ಟರು, ಇಷ್ಟೇ ಸುದ್ದಿ ಹೋಗುತ್ತದೆ.

1980ರ ಸುಮಾರಿಗೆ ಒಂದೊಂದು ಕಂಪನಿಗೂ ಒಂದೊಂದು ಭಾಷೆ ಇತ್ತು. ಒಬ್ಬರ ವಾದ್ಯ ಇನ್ನೊಬ್ಬರ ವಾದ್ಯದ ಜೊತೆ ಮಾತಾಡುತ್ತಿರಲಿಲ್ಲ. 1981ರಲ್ಲಿ ಅಮೆರಿಕದ ಸಿಂಥಸೈಜರ್ ತಯಾರಕ ಡೇವ್ ಸ್ಮಿತ್ ಮತ್ತು ಅವರ ಜೊತೆಗಾರ ಚೆಟ್ ವುಡ್ ಒಂದು ಕರಡು ಮುಂದಿಟ್ಟರು. ಅದು ತೀರಾ ಸರಳವಾಗಿತ್ತು. ಗಿಟಾರಿಗೆ ಹಾಕುವಂಥ ಜ್ಯಾಕೇ ಸಾಕು ಅಂದಿದ್ದರು. ಅಮೆರಿಕದ ಹಲವು ಕಂಪನಿಗಳು ಆಸಕ್ತಿ ತೋರಿಸಲಿಲ್ಲ. ಕೈಜೋಡಿಸಿದ್ದು ಜಪಾನಿನವರು: ರೋಲ್ಯಾಂಡ್, ಯಮಹಾ, ಕಾರ್ಗ್, ಕವಾಯಿ. ರೋಲ್ಯಾಂಡ್ ಸ್ಥಾಪಕ ಇಕುತಾರೊ ಕಕೆಹಾಶಿ ಇದರ ಹಿಂದೆ ಗಟ್ಟಿಯಾಗಿ ನಿಂತರು. ಚೌಕಾಸಿ ನಡೆದು ಜ್ಯಾಕ್ ಹೋಯಿತು, ಐದು ಪಿನ್ನಿನ ದುಂಡು ಸಾಕೆಟ್ ಬಂತು. ವೇಗ ಸೆಕೆಂಡಿಗೆ 31,250 ಬಿಟ್ ಅಂತ ನಿಂತಿತು. ಸ್ಪೀಕರಿನಲ್ಲಿ ಹಮ್ಮಿಂಗ್ ಬರಬಾರದು ಅಂತ ಎರಡು ವಾದ್ಯಗಳ ಕರೆಂಟ್ ಬೇರೆಯಾಗಿಡುವ ಭಾಗವನ್ನೂ ಸೇರಿಸಿದರು. ಪೆಂಡಾಲಿನ ಕರೆಂಟ್ ಕಂಡವರಿಗೆ ಇದರ ಬೆಲೆ ಗೊತ್ತು, ಅಲ್ವಾ?

1983ರ ಜನವರಿಯಲ್ಲಿ ಅಮೆರಿಕದ ಮೇಳವೊಂದರಲ್ಲಿ ಸ್ಮಿತ್ ಕಂಪನಿಯ ಪ್ರಾಫೆಟ್-600 ಮತ್ತು ರೋಲ್ಯಾಂಡಿನ ಜುಪಿಟರ್-6 ಎರಡನ್ನೂ ಜೋಡಿಸಿ ನುಡಿಸಿದರು. ಅದೇ ವರ್ಷ ಆಗಸ್ಟ್‌ನಲ್ಲಿ ನಿಯಮ ಅಚ್ಚಾಯಿತು.

ಆಮೇಲೆ ಶುರುವಾಯಿತು ‘ಬದಲಿಸಿ’ ಅನ್ನುವ ಒತ್ತಾಯ. ಬೆರಳಿನ ಜೋರನ್ನು 0ಯಿಂದ 127ರವರೆಗೆ ಮಾತ್ರ ಅಳೆಯಬಹುದಿತ್ತು. ಒಂದು ಸ್ವರದ ಸುದ್ದಿ ದಾಟಲು ಸುಮಾರು ಒಂದು ಮಿಲಿಸೆಕೆಂಡು ಬೇಕಿತ್ತು, ಸ್ವರಗಳು ಜಾಸ್ತಿಯಾದರೆ ಸಾಲು ನಿಲ್ಲಬೇಕಿತ್ತು. 1988ರಲ್ಲೇ ಕಂಪ್ಯೂಟರ್ ಸಂಗೀತದ ವಿದ್ವಾಂಸ ಎಫ್. ರಿಚರ್ಡ್ ಮೂರ್ ಇದರ ದೋಷಗಳ ಬಗ್ಗೆ ಖಾರವಾಗಿ ಬರೆದರು. ನಮ್ಮ ಗಮಕದವರಿಗಂತೂ ಇನ್ನೊಂದು ತಲೆನೋವು. ಸ್ವರವನ್ನು ಮೇಲೆ ಕೆಳಗೆ ಜಾರಿಸುವ ಪಿಚ್ ಬೆಂಡ್ ಚಕ್ರ ತಿರುಗಿಸಿದರೆ ಆ ಚಾನೆಲ್ಲಿನ, ಅಂದರೆ ವೈರಿನೊಳಗಿನ ಆ ಒಂದು ಸಾಲಿನ, ಎಲ್ಲ ಸ್ವರವೂ ಒಟ್ಟಿಗೆ ಜಾರುತ್ತದೆ. ಕೆಳಗೆ ಷಡ್ಜ ಹಿಡಿದು ಮೇಲೆ ಗಾಂಧಾರ ಆಡಿಸಲು ಹೋದರೆ ಷಡ್ಜವೂ ಆಡುತ್ತದೆ!

1994ರಲ್ಲಿ ‘ಜಿಪಿ’ ಅನ್ನುವ, ವೇಗದ ಹೊಸ ಮಾನದಂಡವೊಂದು ಬಂತು. ತಾಂತ್ರಿಕವಾಗಿ ಮೇಲಿತ್ತು. ಆದರೆ ಅಷ್ಟರಲ್ಲಿ ಎಲ್ಲರ ಕೈಯಲ್ಲೂ ಹಳೇ ಮಿಡಿ ವಾದ್ಯವೇ ಇತ್ತು. ಜಿಪಿ ಮೂಲೆ ಸೇರಿತು.

ಟೋನುಗಳ ವಿಷಯದಲ್ಲೂ ಹಗ್ಗಜಗ್ಗಾಟ ನಡೆಯಿತು. 1991ರ ಜನರಲ್ ಮಿಡಿ 128 ಟೋನಿನ ಪಟ್ಟಿ ಕೊಟ್ಟಿತು. ಅದರಲ್ಲಿ 105 ಸಿತಾರ್, 112 ಶೆಹನಾಯಿ. ವೀಣೆಯೂ ಇಲ್ಲ, ತಾಳವಾದ್ಯಗಳ ಪಟ್ಟಿಯಲ್ಲಿ ತಬಲವೂ ಇಲ್ಲ. ಇದಕ್ಕಿಂತ ದೊಡ್ಡ ಪಟ್ಟಿಗಳಾಗಿ ರೋಲ್ಯಾಂಡ್ ‘ಜಿಎಸ್’ ಮಾಡಿತು, ಯಮಹಾ ‘ಎಕ್ಸ್‌ಜಿ’ ಮಾಡಿತು. ತಳದ 128 ಮಾತ್ರ ಇಬ್ಬರೂ ಮುಟ್ಟಲಿಲ್ಲ.

ತಿದ್ದುವ ಕೆಲಸ ನಿಧಾನವಾಗಲು ಇನ್ನೊಂದು ಕಾರಣವೂ ಇದೆ. ಅಮೆರಿಕದಲ್ಲಿ ತಯಾರಕರ ಸಂಘ ಒಂದು, ಜಪಾನಿನಲ್ಲಿ ಇನ್ನೊಂದು. ಎರಡೂ ಕಡೆ ಒಪ್ಪಿಗೆ ಬೇಕು. ಊರ ಜಾತ್ರೆಗೆ ಎರಡು ಕೇರಿಯ ಹಿರಿಯರೂ ಹೂಂ ಅನ್ನಬೇಕಲ್ಲ, ಹಾಗೆ. ಕೊನೆಗೆ 2018ರಲ್ಲಿ ಮಿಡಿಗೆ ‘ಎಂಪಿಇ’ ಅನ್ನುವ ಸೇರ್ಪಡೆಗೆ ಒಪ್ಪಿಗೆ ಸಿಕ್ಕಿತು. ಹಳೇ ಚಾನೆಲ್ಲುಗಳನ್ನೇ ಸ್ವರಕ್ಕೊಂದರಂತೆ ಹಂಚಿದರು. ಹೊಸ ವೈರು ಬೇಕಾಗಲಿಲ್ಲ, ಗಾಂಧಾರ ಒಂಟಿಯಾಗಿ ಆಡಿತು.

2020ರ ಜನವರಿಯಲ್ಲಿ ಮಿಡಿ 2.0 ಬಂತು. 1.0 ಬಂದು 37 ವರ್ಷ ಆಗಿತ್ತು. 128 ಮೆಟ್ಟಿಲಿನ ಜಾಗದಲ್ಲಿ ಬೆರಳಿನ ಜೋರಿಗೆ 65,536 ಮೆಟ್ಟಿಲು. ಸ್ವರಕ್ಕೊಂದು ಪಿಚ್ ಬೆಂಡ್. ಹಳೇ ವಾದ್ಯ ಸಿಕ್ಕಿದರೆ ಹಳೇ ಭಾಷೆಯಲ್ಲೇ ಮಾತಾಡುವ ಏರ್ಪಾಡೂ ಉಂಟು. ಯಾವ ಭಾಷೆ ಅಂತ ಎರಡು ವಾದ್ಯ ಮೊದಲೇ ಚರ್ಚಿಸುವ ಒಂದು ವಿಧಾನವನ್ನೂ ಆಗ ಬರೆದಿದ್ದರು. ಅದು ಸುಮ್ನೆ ಜಟಿಲ ಅನ್ನಿಸಿತೋ ಏನೋ, 2023ರ ತಿದ್ದುಪಡಿಯಲ್ಲಿ ಕೈಬಿಟ್ಟು ಬೇರೆ ದಾರಿ ಹಿಡಿದರು.

ನಮ್ಮ ಪೆಂಡಾಲಿಗೆ 2.0 ಇನ್ನೂ ಬಂದಿಲ್ಲ. ರಿದಮ್ ಪ್ಯಾಡಿನವರು ಚೀಲದಿಂದ ಅದೇ ಐದು ಪಿನ್ನಿನ ವೈರು ತೆಗೆದು ಕೀಬೋರ್ಡಿನ ಬೆನ್ನಿಗೆ ಚುಚ್ಚುತ್ತಾರೆ. ಅತ್ತ ಗಾಯಕರು ಮೈಕ್ ತಟ್ಟಿ ‘ಎರಡೂವರೆ ಮನೆ’ ಅನ್ನುತ್ತಾರೆ. ಕೀಬೋರ್ಡಿನವರು ‘ಕಪ್ಪು ಎರಡಾ?’ ಅಂತ ಕೇಳಿ, ಉತ್ತರಕ್ಕೆ ಕಾಯದೆ ಒತ್ತುತ್ತಾರೆ.